ಅಯ್ಯೋ ಪಾಪ ಅಲ್ಲ, ಪಾಪ

ಕನ್ನಡದಲ್ಲಿ ನನ್ನನ್ನು ಸತಾಯಿಸಿದಷ್ಟು ಇನ್ಯಾವ ಪದವೂ ಯಾರನ್ನೂ ಸತಾಯಿಸಿರಲಿಕ್ಕಿಲ್ಲ. ಎರಡೇ ಅಕ್ಷರ: ಪಾಪ. ಭದ್ರಾವತಿಯ ನಮ್ಮ ಚರ್ಚಿನಲ್ಲಿ ಇಪ್ಪತ್ತೆರಡು ವರ್ಷದಿಂದ ಭಾನುವಾರ ಪೂಜೆ ಮುಗಿದ ಮೇಲೆ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತಿದ್ದೇನೆ. ಪ್ರಾರ್ಥನೆ ಕಲಿಸುವುದು ಸಲೀಸು, ಹತ್ತು ಕಟ್ಟಳೆ ಬಾಯಿಪಾಠ ಮಾಡಿಸುವುದೂ ಸಲೀಸು. ಪಾಪದ ಪಾಠ ಬಂದಾಗ ಮಾತ್ರ ತಲೆ ಚಿಟ್ಟು ಹಿಡಿಯುತ್ತದೆ. ಬಸ್ಸು ತಪ್ಪಿಸಿಕೊಂಡವನಿಗೂ ನಾವು ಪಾಪ ಅನ್ನುತ್ತೇವೆ. ಸತ್ತವರಿಗೂ ಪಾಪ. ಕೊಲೆ ಮಾಡಿ ಜೈಲಿಗೆ ಹೋದವನಿಗೂ, ಪಾಪ, ಹೆಂಡತಿ ಮಕ್ಕಳ ಗತಿಯೇನು ಅನ್ನುತ್ತೇವೆ. ಒಂದು ವರ್ಷ ತರಗತಿಯಲ್ಲಿ ಪಾಪ ಅಂದರೇನು ಅಂತ ಕೇಳಿದೆ. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು, ನಮ್ಮನೇಲಿ ಒಂದಿದೆ ಮಿಸ್, ಮೊನ್ನೆ ಆಸ್ಪತ್ರೆಯಿಂದ ತಂದ್ರು, ಇನ್ನೂ ಹೆಸರಿಟ್ಟಿಲ್ಲ ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಮನೆಗೆ ಬಂದು ಪುಸ್ತಕ ಬಿಸಾಡಿದೆ.

ಕಳೆದ ವರ್ಷ ಅದೇ ಪಾಠವನ್ನು ಒಬ್ಬ ದೊಡ್ಡವನಿಗೆ ಹೇಳಬೇಕಾಗಿ ಬಂತು. ನನಗಿರುವುದು ಒಬ್ಬಳೇ ಮಗಳು, ಬ್ಯಾಂಕಿನಲ್ಲಿ ಕೆಲಸ. ಶಿವಮೊಗ್ಗದ ವಿದ್ಯಾನಗರದ ಒಬ್ಬ ದನದ ಡಾಕ್ಟರನ್ನು ಮದುವೆಯಾಗುತ್ತೇನೆ ಎಂದಳು. ಲಿಂಗಾಯತರ ಹುಡುಗ. ನಾನು ಎರಡು ದಿನ ಊಟ ಬಿಟ್ಟೆ, ಮೂರನೆಯ ದಿನ ಹಸಿವು ತಡೆಯದೆ ಒಪ್ಪಿಕೊಂಡೆ. ಅವರ ಮನೆಯವರೂ ಒಪ್ಪಿದರು. ಹುಡುಗ ಮತ ಬದಲಾಯಿಸಬೇಕಾಗಿರಲಿಲ್ಲ, ಬದಲಾಯಿಸು ಅಂತ ಯಾರೂ ಕೇಳಲೂ ಇಲ್ಲ. ಬಿಷಪ್ಪರ ಅನುಮತಿ ಪಡೆದರೆ ಚರ್ಚಿನಲ್ಲೇ ಮದುವೆ ಮಾಡಬಹುದು. ಆದರೆ ಹೆಂಡತಿಯಾಗುವವಳು ಏನು ನಂಬುತ್ತಾಳೆ ಅನ್ನುವುದು ಅವನಿಗೂ ಸ್ವಲ್ಪ ತಿಳಿದಿರಲಿ ಅಂತ ನಮ್ಮ ಚರ್ಚಿನ ಗುರುಗಳು ನಾಲ್ಕು ಪಾಠ ಕೇಳಿಸಲು ಹೇಳಿದರು. ಹೇಳಿಕೊಡುವವರು ಯಾರು? ಹೇಗೂ ನಿಮ್ಮ ಅಳಿಯ, ನೀವೇ ಹೇಳಿಕೊಡಿ ಟೀಚರಮ್ಮ ಅಂತ ನನ್ನ ಕೊರಳಿಗೇ ಕಟ್ಟಿದರು.

ಮದುವೆ ಗೊತ್ತಾದ ದಿನ ಮಗಳು ಒಂದು ಷರತ್ತು ಹಾಕಿದಳು. ಅವಳ ಚಿಕ್ಕಮ್ಮ, ಅಂದರೆ ನನ್ನ ತಂಗಿ, ಮದುವೆಗೆ ಬರಬೇಕು. ನಾನೇ ಹೋಗಿ ಕರೆಯಬೇಕು. ಚಿಕ್ಕಮ್ಮ ಬರದೆ ತಾನು ಚರ್ಚಿನ ಮೆಟ್ಟಿಲು ಹತ್ತುವುದಿಲ್ಲ.

ನನ್ನ ತಂಗಿ ಇರುವುದು ಶಿವಮೊಗ್ಗದ ಕೋಟೆಯಲ್ಲಿ. ನಮ್ಮ ಮನೆಯಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಇಪ್ಪತ್ತೆಂಟು ವರ್ಷದಿಂದ ಆ ಮುಕ್ಕಾಲು ಗಂಟೆಯನ್ನು ನಾನು ದಾಟಿರಲಿಲ್ಲ. ಅವಳು ಮದುವೆಯಾದದ್ದು ಗಾಂಧಿ ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಲಿಂಗಾಯತರ ಮನೆಯ ಹುಡುಗನನ್ನು, ರಿಜಿಸ್ಟರ್ ಆಫೀಸಿನಲ್ಲಿ. ನಮ್ಮಪ್ಪ ಅವತ್ತೇ ಅವಳನ್ನು ಮನೆಗೆ ಸೇರಿಸಬಾರದು ಎಂದುಬಿಟ್ಟಿದ್ದರು. ಈಗ ನನ್ನ ಮಗಳು ಮಾಡುತ್ತಿರುವುದೂ ಅದನ್ನೇ, ಆದರೆ ಇವಳಿಗೆ ಬಿಷಪ್ಪರ ಅನುಮತಿ, ಛತ್ರ, ಅವರ ಕಡೆಯವರಿಗೆ ಬೇರೆ ಅಡಿಗೆಯವರು, ಎಲ್ಲ ಉಂಟು. ಮಗಳು ಚಿಕ್ಕಮ್ಮನನ್ನು ನೋಡಿದ್ದು ಒಂದೇ ಸಲ, ಬ್ಯಾಂಕಿನಲ್ಲಿ. ಕೌಂಟರಿನ ಆಚೆಯಿಂದ ಒಬ್ಬ ಹೆಂಗಸು ಇವಳ ಮುಖವನ್ನೇ ನೋಡಿ ನೋಡಿ, ನೀನು ಭದ್ರಾವತಿಯ ನಮ್ಮಕ್ಕನ ಮಗಳಲ್ವಾ ಅಂತ ಕೇಳಿದ್ದಳಂತೆ. ಇವಳು ಹೌದು ಅಂದದ್ದಕ್ಕೆ ಕೈ ಸವರಿ ಹೋಗಿದ್ದಳಂತೆ. ಮಗಳು ಷರತ್ತು ಹಾಕಿದಾಗ ನಾನು ಅಂದದ್ದು ಇಷ್ಟು: ಪಾಪ, ಅವಳಿಗ್ಯಾಕೆ ತೊಂದರೆ ಕೊಡೋದು, ಬಿಡು.

ಹುಡುಗ ಪ್ರತಿ ಶನಿವಾರ ಡ್ಯೂಟಿ ಮುಗಿಸಿ ಬೈಕಿನಲ್ಲಿ ಬರುತ್ತಿದ್ದ. ಮೊದಲ ದಿನ ನಾನು ಮೊದಲ ಗಂಡಹೆಂಡತಿಯ ಕತೆ ಹೇಳಿದೆ. ತೋಟ, ಮರ, ತಿನ್ನಬೇಡಿ ಅಂದ ಹಣ್ಣು, ಹಾವು. ಅವನು ಎರಡೂ ಕೈ ಮಂಡಿಯ ಮೇಲಿಟ್ಟುಕೊಂಡು, ರೈತರು ಎಮ್ಮೆಗೆ ಎಷ್ಟು ದಿನದಿಂದ ಜ್ವರ ಅಂತ ಹೇಳುವುದನ್ನು ಕೇಳುವ ಹಾಗೆ ಕೇಳಿದ. ಎಲ್ಲ ಮುಗಿದ ಮೇಲೆ ಅಂದ:

"ಅಯ್ಯೋ ಪಾಪ. ಒಂದು ಹಣ್ಣಿಗೆ ಮನೆಯಿಂದಾನೇ ಹೊರಗೆ ಹಾಕಿಬಿಟ್ರಾ?"

ನನಗೆ ಮೈಯೆಲ್ಲ ಉರಿಯಿತು. ಹಣ್ಣಿನ ಪ್ರಶ್ನೆಯಲ್ಲ, ನಂಬಿಕೆಯ ಪ್ರಶ್ನೆ, ಅಷ್ಟು ಪ್ರೀತಿಯಿಂದ ಇಟ್ಟುಕೊಂಡವನಿಗೆ ಬೆನ್ನು ಹಾಕಿದ ಪ್ರಶ್ನೆ ಅಂತ ಅರ್ಧ ಗಂಟೆ ಕೊರೆದೆ. ಹಣ್ಣು ತಿಂದದ್ದಕ್ಕಿಂತ ಆಮೇಲೆ ಮರದ ಮರೆಗೆ ಹೋಗಿ ಬಚ್ಚಿಟ್ಟುಕೊಂಡರಲ್ಲ, ಕೇಳಿದಾಗ ನಾನಲ್ಲ ಅವಳು, ನಾನಲ್ಲ ಹಾವು ಅಂತ ಒಬ್ಬರ ಮೇಲೊಬ್ಬರು ಹಾಕಿದರಲ್ಲ, ಅಲ್ಲಿದೆ ಪಾಪ ಅಂದೆ. ಅವನು ತಲೆಯಾಡಿಸಿದ. ಆಮೇಲೆ ಕೇಳಿದ, ಹೊರಗೆ ಹಾಕಿದ ಮೇಲೆ ಯಾರಾದರೂ ಹುಡುಕಿಕೊಂಡು ಹೋದರಾ ಅಂತ. ಹೋಗದೆ ಏನು, ದೇವರು ಹುಡುಕಿಕೊಂಡು ಬಂದದ್ದೇ ಮುಂದಿನ ಕತೆಯೆಲ್ಲ ಅಂದೆ. ಹಾಗಾದರೆ ಪರವಾಗಿಲ್ಲ ಅಂತ ಟೀ ಕುಡಿದ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ಅಂದುಕೊಂಡೆ. ದನದ ಡಾಕ್ಟರಿಗೆ ಆ ಗಾದೆ ಹೇಳುವಂತೆಯೂ ಇರಲಿಲ್ಲ.

ಹೊರಡುವ ಮುಂಚೆ ನಾವಿಬ್ಬರೂ ಒಂದು ಒಪ್ಪಂದಕ್ಕೆ ಬಂದೆವು. ಅವನು ಮಾತುಮಾತಿಗೆ ಹೇಳುವ ಅಯ್ಯೋ ಪಾಪ ಇದೆಯಲ್ಲ, ಅದಕ್ಕೆ 'ನಮ್ಮ ಪಾಪ' ಅನ್ನುವುದು. ನಾನು ಕಲಿಸಲು ಒದ್ದಾಡುತ್ತಿರುವುದಕ್ಕೆ 'ನಿಮ್ಮ ಪಾಪ' ಅನ್ನುವುದು. ಉಪಾಯ ಅವನದೇ. ನೋಟ್‌ಬುಕ್ಕಿನಲ್ಲಿ ಎರಡನ್ನೂ ಬರೆದು ನಡುವೆ ಗೆರೆ ಎಳೆದುಕೊಂಡ.

ಎರಡನೆಯ ಶನಿವಾರ ಬಂದವನೇ, ಪಾಪ ಅಂದರೆ ಮಾಡಿದ್ದುಣ್ಣೋ ಮಹಾರಾಯ ಅನ್ನುವುದೇ ತಾನೆ, ನಮ್ಮಲ್ಲೂ ಇದೆಯಲ್ಲ ಅಂದ. ಅಲ್ಲ ಅಂದೆ. ಒಂದಿಷ್ಟು ಪಾಪ, ಒಂದಿಷ್ಟು ಪುಣ್ಯ, ಕೊನೆಗೆ ತಕ್ಕಡಿಯಲ್ಲಿ ಹಾಕಿ ನೋಡುವುದು, ಹಾಗಲ್ಲ ಅಂದೆ. ಹೇಗೆ ಹೇಳುವುದು? ಪುಸ್ತಕದಲ್ಲಿ ಬರೆದಿರುವ ಕನ್ನಡ ದೇವರಿಗೇ ಪ್ರೀತಿ. ಕೃಪಾವರ, ಜನ್ಮಪಾಪ, ಅದೆಲ್ಲ ಓದಿದರೆ ಹುಟ್ಟು ಕ್ರೈಸ್ತರಾದ ನಮಗೇ ಆಕಳಿಕೆ ಬರುತ್ತದೆ. ಕೊನೆಗೆ ಬಾವಿಯ ಉದಾಹರಣೆ ಕೊಟ್ಟೆ. ಬೆಳಿಗ್ಗೆ ಪಕ್ಕದ ಮನೆಯವರ ಬಾವಿಗೆ ಕಸ ಸುರಿದು ಬಂದು, ಸಂಜೆ ದೇವಸ್ಥಾನದಲ್ಲಿ ಊರಿಗೆಲ್ಲ ಪಾನಕ ಹಂಚಿದರೆ ಬಾವಿ ಶುದ್ಧವಾಗುತ್ತದೆಯೇ?

"ಇಲ್ಲ. ಬಾವಿ ತೊಳೀಬೇಕು," ಅಂದ.

"ತೊಳೀಬೇಕು. ಅದಕ್ಕಿಂತ ಮೊದಲು ಕಸ ಹಾಕಿದ್ದು ನಾನೇ ಅಂತ ಅವರ ಮನೆಗೆ ಹೋಗಿ ಹೇಳಬೇಕು. ಇಲ್ಲದಿದ್ರೆ ಅವರು ಅದೇ ನೀರು ಕುಡೀತಾ ಇರ್ತಾರೆ."

ಒಳ್ಳೆಯ ಉದಾಹರಣೆ. ನನಗೇ ಖುಷಿಯಾಯಿತು. ಅಷ್ಟಕ್ಕೆ ಸುಮ್ಮನಿರದೆ ಜನ್ಮಪಾಪವನ್ನೂ ಹೇಳಿಬಿಡೋಣ ಅಂತ ಹೊರಟೆ. ನಮ್ಮಪ್ಪ ಕಾರ್ಖಾನೆಯಲ್ಲಿ ಕಬ್ಬಿಣ ಎರಕ ಹೊಯ್ಯುವ ವಿಭಾಗದಲ್ಲಿದ್ದರು. ಅಚ್ಚಿನಿಂದ ತೆಗೆದ ಕಬ್ಬಿಣ ಹೊರಗೆ ನುಣ್ಣಗೆ ಚೆನ್ನಾಗಿರುತ್ತದೆ. ಆದರೆ ಹೊಯ್ಯುವಾಗ ಒಳಗೆ ಗಾಳಿ ಸಿಕ್ಕಿಕೊಂಡಿದ್ದರೆ ತೂತು ಉಳಿದಿರುತ್ತದೆ. ಸುತ್ತಿಗೆಯಿಂದ ತಟ್ಟಿದರೆ ಟಣ್ ಅನ್ನುವ ಬದಲು ದಡ್ ಅನ್ನುತ್ತದೆ. ಹುಟ್ಟುವಾಗಲೇ ಒಳಗೆ ಇರುವ ತೂತು, ಅದೇ ಜನ್ಮಪಾಪ ಅಂದೆ. ಅವನು ಯೋಚನೆ ಮಾಡಿ, ಪಾಪ, ಕಬ್ಬಿಣದ್ದೇನು ತಪ್ಪು ಅಂದ. ತಕ್ಷಣ ನಾಲಿಗೆ ಕಚ್ಚಿಕೊಂಡು, 'ನಮ್ಮ ಪಾಪ' ಆಂಟಿ, 'ನಮ್ಮ ಪಾಪ' ಅಂತ ತಿದ್ದಿಕೊಂಡ. ನನಗೆ ಮೈ ಪರಚಿಕೊಳ್ಳುವಂತಾಯಿತು. ಅವತ್ತು ಅಷ್ಟಕ್ಕೇ ಪಾಠ ಮುಗಿಸಿದೆ.

ಮೂರನೆಯ ಶನಿವಾರ ನಾನು ಮೊದಲೇ ಕೆರಳಿದ್ದೆ. ಕಾರ್ಡು ಪ್ರಿಂಟಾಗಿ ಬಂದಿತ್ತು. ಮಗಳು ಮೊದಲ ಕಾರ್ಡಿನ ಮೇಲೆ ತನ್ನ ಕೈಯಾರೆ ಚಿಕ್ಕಮ್ಮನವರಿಗೆ ಅಂತ ಬರೆದು ನನ್ನ ದಿಂಬಿನ ಪಕ್ಕ ಇಟ್ಟು ಹೋಗಿದ್ದಳು. ಆ ಸಿಟ್ಟಿನಲ್ಲೇ ಪಾಠಕ್ಕೆ ಕೂತೆ. ಹುಡುಗನ ಆವತ್ತಿನ ತಕರಾರು, ಯಾರಿಗೂ ಹೊಡೆಯದೆ, ಕದಿಯದೆ, ಬೈಯದೆ ಇರುವವರಿಗೂ ಪಾಪ ಉಂಟೇ ಅನ್ನುವುದು. ಅವನ ಅಜ್ಜಿ ಇರುವೆಯನ್ನೂ ತುಳಿಯದವಳಂತೆ. ಮಾಡಬಾರದ್ದನ್ನು ಮಾಡಿದ್ದಷ್ಟೇ ಅಲ್ಲ, ಮಾಡಬೇಕಾದದ್ದನ್ನು ಮಾಡದೆ ಬಿಟ್ಟದ್ದೂ ಪಾಪ, ಪ್ರತಿ ಪೂಜೆಯಲ್ಲಿ ಅದಕ್ಕೇ ನಾವು ಎದೆ ತಟ್ಟಿಕೊಳ್ಳುವುದು ಅಂದೆ. ಒಂದು ಉದಾಹರಣೆ ಕೊಡಿ ಆಂಟಿ, ದಿನಾ ನಡೆಯುವಂಥದ್ದು ಅಂದ. ನನ್ನ ಬಾಯಿಗೆ ಅದು ಎಲ್ಲಿಂದ ಬಂತೋ.

"ನಿಮ್ಮ ಮನೆಗೆ ನಿಮ್ಮವರೇ ಒಬ್ರು ಬಂದಿದಾರೆ ಅಂತ ಇಟ್ಕೊಳ್ಳಿ," ಅಂದೆ. "ನೀವು ಬಾಗಿಲಲ್ಲಿ ನಿಂತಿದೀರ. ಒಳಗಿಂದ ಯಾರು ಬಂದಿದ್ದು ಅಂತ ಕೇಳ್ತಾರೆ. ನೀವು ಯಾರೂ ಇಲ್ಲ ಅಂತೀರ. ಹೊಡೆದಿಲ್ಲ, ಬೈದಿಲ್ಲ, ಕದ್ದಿಲ್ಲ. ಯಾರೂ ಇಲ್ಲ ಅಂದ್ರಿ, ಅಷ್ಟೇ. ಅದು ಪಾಪ."

ಅವನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಆಮೇಲೆ, ಇದು ಅರ್ಥ ಆಯ್ತು ಆಂಟಿ ಅಂದ. ಇಪ್ಪತ್ತೆರಡು ವರ್ಷದ ಪಾಠದಲ್ಲಿ ಮೊದಲ ಸಲ ಒಬ್ಬರಿಗೆ ಆ ಪದ ಅರ್ಥವಾಗಿತ್ತು. ಮಾತು ಬದಲಿಸೋಣ ಅಂತ ಕಾರ್ಡುಗಳ ಕಟ್ಟು ತೆಗೆದು ಯಾರುಯಾರನ್ನು ಕರೆಯುವುದು ಅಂತ ಶುರುಮಾಡಿದೆ. ಮೇಲಿನ ಕಾರ್ಡನ್ನು ನೋಡಿ ಅವನು, ಕೋಟೆ ಚಿಕ್ಕಮ್ಮನ ಮನೆಗೆ ಹೋಗಿ ಬಂದ್ರಾ ಅಂತ ಕೇಳಿದ. ನಾನು ಇಪ್ಪತ್ತೆಂಟು ವರ್ಷದಿಂದ ಎಲ್ಲರಿಗೂ ಹೇಳುತ್ತಿದ್ದ ಮಾತನ್ನೇ ಹೇಳಿದೆ. ಪಾಪ, ಅವಳದೊಂದು ಹಣೆಬರಹ, ಮನೆಯವರು ಸೇರಿಸಲಿಲ್ಲ, ಯಾರೇನು ಮಾಡುವುದು ಅಂದೆ.

ಅವನು ವ್ಯಂಗ್ಯ ಮಾಡುವವನಲ್ಲ. ಅವನಿಗೆ ವ್ಯಂಗ್ಯ ಬರುವುದೂ ಇಲ್ಲ. ಕೈಯಲ್ಲಿ ಪೆನ್ನು ಹಿಡಿದೇ ಇದ್ದ, ನಿಜವಾಗಿಯೂ ತಿಳಿದುಕೊಳ್ಳಬೇಕಾಗಿತ್ತು.

"ಆಂಟಿ, ಇದು ಯಾವ ಪಾಪ? ನಮ್ಮದಾ, ನಿಮ್ಮದಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಎದ್ದುಬಿಟ್ಟೆ. ಕತ್ತಲಾಗುತ್ತಿದೆ, ಹೊರಡಿ, ರಸ್ತೆ ಸರಿಯಿಲ್ಲ ಅಂತ ಗದರಿದೆ. ಇನ್ನೂ ಐದು ಗಂಟೆ, ಬಿಸಿಲಿತ್ತು. ಅವನು ಹೆಲ್ಮೆಟ್ಟು ತೆಗೆದುಕೊಂಡು ಹೋದ. ಆ ರಾತ್ರಿ ಮಗಳ ಮೇಲೂ ಕೂಗಾಡಿದೆ. ನಿನ್ನ ಗಂಡನಾಗುವವನು ಅಧಿಕಪ್ರಸಂಗಿ ಅಂದೆ. ಏನಂದ ಅಂತ ಕೇಳಿದಳು. ಹೇಳದೆ ಹೋಗಿ ಮಲಗಿದೆ.

ಈಗ ಹೇಳುತ್ತೇನೆ. ಇಪ್ಪತ್ತೆಂಟು ವರ್ಷದ ಹಿಂದಿನ ಮಾತು, ಆ ಮಗಳು ಆಗ ನನ್ನ ಹೊಟ್ಟೆಯಲ್ಲಿದ್ದಳು, ಆರು ತಿಂಗಳು. ಅಮ್ಮ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದಳು, ನೋಡಿಕೊಳ್ಳಲು ನಾನು ಗಂಡನ ಮನೆಯಿಂದ ಕಾರ್ಖಾನೆಯ ಕ್ವಾರ್ಟರ್ಸಿಗೆ ಬಂದಿದ್ದೆ. ಅಪ್ಪ ಬೆಳಗಿನ ಶಿಫ್ಟಿಗೆ ಹೋಗಿದ್ದರು. ಹತ್ತು ಗಂಟೆಯ ಹೊತ್ತಿಗೆ ಯಾರೋ ಬಾಗಿಲು ತಟ್ಟಿದರು. ತೆಗೆದರೆ ನನ್ನ ತಂಗಿ. ಹೆಗಲ ಮೇಲೆ ಮೂರು ತಿಂಗಳ ಮಗು, ಕೈಯಲ್ಲಿ ಅಮ್ಮನಿಗೆ ಅಂತ ಕಿತ್ತಳೆ ಹಣ್ಣಿನ ಚೀಲ. ಅಪ್ಪ ಇಲ್ಲದ ಹೊತ್ತು ನೋಡಿಕೊಂಡು ಬಂದಿದ್ದಳು. ಐದು ನಿಮಿಷ ಅಕ್ಕ, ಅಮ್ಮನಿಗೆ ಮಗು ತೋರಿಸಿ ಹೋಗ್ತೀನಿ ಅಂದಳು.

ಒಳಗಿನ ಕೋಣೆಯಿಂದ ಅಮ್ಮ ಯಾರು ಅಂತ ಕೇಳಿದಳು. ನಾನು ಎರಡು ಹೆಜ್ಜೆ ಒಳಗೆ ಸರಿದು, ಪಕ್ಕದ ಮನೆಯವರು ಅಂದೆ. ಆಮೇಲೆ ಬಾಗಿಲನ್ನು ಹಿಂದಿನಿಂದ ಎಳೆದುಕೊಂಡು ಹೊರಗೆ ನಿಂತು, ತಂಗಿಗೆ ಮೆಲ್ಲಗೆ ಹೇಳಿದೆ, ಅಮ್ಮನಿಗೆ ನಿನ್ನ ಮುಖ ನೋಡುವುದು ಬೇಡವಂತೆ ಅಂತ. ಅವಳಿಗೆ ಅಮ್ಮನ ದನಿ ಕೇಳಿಸಿತ್ತು, ನಮ್ಮಿಬ್ಬರ ಮಾತು ಕೇಳಿಸಿರಲಿಲ್ಲ, ಪಕ್ಕದ ರಸ್ತೆಯಲ್ಲಿ ಲಾರಿ ಹೋಗುತ್ತಿತ್ತು. ಅವಳು ಹಣ್ಣಿನ ಚೀಲವನ್ನು ಮೆಟ್ಟಿಲ ಮೇಲಿಟ್ಟು ಹೋದಳು. ಆ ಮಳೆಗಾಲದಲ್ಲೇ ಅಮ್ಮ ತೀರಿಕೊಂಡಳು. ಮಣ್ಣಿಗೆ ತಂಗಿ ಬಂದಿದ್ದಳು, ಸ್ಮಶಾನದ ಗೇಟಿನ ಹತ್ತಿರ ನಿಂತಿದ್ದು, ಒಳಗೆ ಬರದೆ ಹೋದಳು.

ಅಪ್ಪನ ಮಾತು ಮೀರುವ ಹಾಗಿರಲಿಲ್ಲ ಅಂತ ನಾನು ಎಷ್ಟೋ ವರ್ಷ ನನಗೇ ಹೇಳಿಕೊಂಡೆ. ಸುಳ್ಳು. ಅಪ್ಪ ಕಾರ್ಖಾನೆಯಲ್ಲಿದ್ದರು. ನಿಜ ಏನೆಂದರೆ ಅಮ್ಮನಿಗೆ ಮೊದಲಿಂದ ಅವಳೆಂದರೆ ಪ್ರಾಣ. ನಾನೋ, ಅಪ್ಪ ಅಮ್ಮ ಹೇಳಿದ ಹಾಗೆ ಕೇಳಿದವಳು, ಅವರು ನೋಡಿದ ಗಂಡನ್ನೇ ಕಟ್ಟಿಕೊಂಡವಳು, ಹೊಟ್ಟೆ ಹೊತ್ತುಕೊಂಡು ಬಂದು ಅಮ್ಮನ ಬೆಡ್‌ಪ್ಯಾನ್ ಎತ್ತುತ್ತಿದ್ದವಳು. ಓಡಿಹೋದವಳು ಐದು ನಿಮಿಷಕ್ಕೆ ಬಂದು ಮಗು ತೋರಿಸಿದ್ದರೆ ಅಮ್ಮ ನನ್ನ ಎಲ್ಲವನ್ನೂ ಮರೆತುಬಿಡುತ್ತಿದ್ದಳು. ಅದು ನನಗೆ ಬೇಡವಾಗಿತ್ತು, ಅಷ್ಟೇ. ಸಂಜೆ ಪಕ್ಕದ ಮನೆಯವರ ಹತ್ತಿರ, ಪಾಪ, ಕೂಸು ಎತ್ತಿಕೊಂಡು ಬಂದಿದ್ದಳು ಅಂತ ನಾನೇ ಹೇಳಿ ಕಣ್ಣೊರೆಸಿಕೊಂಡೆ. ಆ ಕಿತ್ತಳೆ ಹಣ್ಣನ್ನು ನಾನೇ ತಿಂದೆ.

ತಿಂಗಳಿಗೊಮ್ಮೆ ತಪ್ಪದೆ ಪಾಪನಿವೇದನೆಗೆ ಹೋಗುವವಳು ನಾನು. ಗುರುಗಳ ಮುಂದೆ ಮಂಡಿಯೂರಿ ಏನು ಹೇಳುತ್ತಿದ್ದೆ? ಸಿಟ್ಟು ಮಾಡಿಕೊಂಡೆ, ಪೂಜೆಗೆ ತಡವಾಗಿ ಬಂದೆ, ಇನ್ನೊಬ್ಬರ ಬಗ್ಗೆ ಆಡಿಕೊಂಡೆ. ಇಪ್ಪತ್ತೆಂಟು ವರ್ಷ ಅವೇ ಮೂರು. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಲ್ಲಿ ಬಿತ್ತಂತೆ. ಹುಡುಗನನ್ನು ಗದರಿಸಿ ಕಳಿಸಿದ ಮರುದಿನ, ಭಾನುವಾರ, ಪಾಪನಿವೇದನೆಗೆ ಹೋಗಿ, ತಂಗಿಯ ಜೊತೆ ಮಾತು ಬಿಟ್ಟಿದ್ದೇನೆ ಅಂದೆ. ನಮ್ಮ ಗುರುಗಳು ಚಿಕ್ಕ ವಯಸ್ಸಿನವರು, ಬೇಗ ಬೇಗ ಮಾತಾಡುವವರು. ಸಮಾಧಾನ ಮಾಡಿಕೊಳ್ಳಿ, ಮೂರು ಪ್ರಾರ್ಥನೆ ಹೇಳಿ, ನಿಶ್ಚಿಂತೆಯಿಂದ ಹೋಗಿ ಅಂದರು. ನಾನು ಏಳಲಿಲ್ಲ. ಇಷ್ಟು ಅಗ್ಗವೇ ಅಂತ ರೇಗಿಹೋಯಿತು. ಅವರಿಗೇನು ಗೊತ್ತು, ನಾನು ಹೇಳಿದ್ದೇ ಅಷ್ಟು ಅಗ್ಗದ ಮಾತು. ಮತ್ತೆ ಮೊದಲಿಂದ ಹೇಳಿದೆ. ಬಾಗಿಲು, ಪಕ್ಕದ ಮನೆಯವರು, ಅಮ್ಮನಿಗೆ ಬೇಡವಂತೆ, ಎಲ್ಲ. ಹಿಂದೆ ಸಾಲಿನಲ್ಲಿ ನಿಂತವರು ಕೆಮ್ಮತೊಡಗಿದರು.

"ದೇವರು ಕ್ಷಮಿಸ್ತಾರೆ ಟೀಚರಮ್ಮ," ಅಂದರು ಗುರುಗಳು. "ಆದ್ರೆ ಅಮ್ಮನೇ ಬೇಡ ಅಂದ್ಲು ಅಂತ ನಿಮ್ಮ ತಂಗಿ ಇವತ್ತಿಗೂ ನಂಬ್ಕೊಂಡಿದಾರಲ್ಲ."

ಅದೇ ನೀರು ಕುಡಿಯುತ್ತಿದ್ದಾಳೆ. ಬಾವಿಯ ಉದಾಹರಣೆ ಕೊಟ್ಟವಳು ನಾನೇ. ಇಷ್ಟಾದರೂ ಒಂದು ಮಾತನ್ನು ಗುರುಗಳಿಗೂ ಹೇಳಿರಲಿಲ್ಲ, 'ಎಲ್ಲ' ಅಂತ ಮೇಲೆ ಬರೆದದ್ದು ಸರಿಯಲ್ಲ.

ಬುಧವಾರ ಮಧ್ಯಾಹ್ನ ಕಾರ್ಡು ಹಿಡಿದುಕೊಂಡು ಶಿವಮೊಗ್ಗದ ಬಸ್ಸು ಹತ್ತಿದೆ. ಕಾಲಿಡಲು ಜಾಗವಿರಲಿಲ್ಲ. ಕಂಡಕ್ಟರು ಒಳಗೆ ಹೋಗ್ರಿ, ಒಳಗೆ ಹೋಗ್ರಿ ಅಂತ ಬೆನ್ನಿಗೆ ಬಡಿಯುವ ಹಾಗೆ ಕೂಗುತ್ತಿದ್ದ. ಒಬ್ಬಳು ಹುಡುಗಿ ಎದ್ದು, ಪಾಪ, ವಯಸ್ಸಾದವರು, ಕೂತ್ಕೊಳ್ಳಿ ಅಂತ ಸೀಟು ಬಿಟ್ಟಳು. ಎಲ್ಲಿ ಹೋದರೂ ಬಿಡಲಿಲ್ಲ ಆ ಪದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಹಾಗೆ ಹೇಗೆ ಹೇಳಬಹುದು ಅಂತಲೇ ಲೆಕ್ಕ ಹಾಕುತ್ತಿದ್ದೆ. ಆಗ ಕಾಲ ಹಾಗಿತ್ತು, ನಾನೂ ಚಿಕ್ಕವಳು, ಇಂಥವೇ ನಾಲ್ಕು ಮಾತು.

ಕೋಟೆಯಲ್ಲಿ ದೇವಸ್ಥಾನದ ಹಿಂದಿನ ಓಣಿ, ಮಗಳು ವಿಚಾರಿಸಿ ಹೇಳಿದ್ದ ಹಸಿರು ಗೇಟು. ಬಾಗಿಲು ತೆರೆದೇ ಇತ್ತು. ಅವಳೇ ಬಂದಳು. ಹಣೆಗೆ ವಿಭೂತಿ, ಕೂದಲು ಮುಕ್ಕಾಲು ಬೆಳ್ಳಗೆ, ನಿಲ್ಲುವಾಗ ಸೊಂಟಕ್ಕೆ ಒಂದು ಕೈ, ಥೇಟ್ ಅಮ್ಮ. ನನ್ನನ್ನು ನೋಡಿದಳು, ಕೈಯಲ್ಲಿದ್ದ ಕಾರ್ಡು ನೋಡಿದಳು. ಒಳಗಿನಿಂದ ಅವಳ ಅತ್ತೆ, ಎದ್ದು ಬರಲಾಗದ ಮುದುಕಿ, ಯಾರಮ್ಮ ಬಂದಿದ್ದು ಅಂತ ಕೂಗಿದರು.

"ನಮ್ಮಕ್ಕ ಬಂದಿದಾಳೆ ಅತ್ತೆ," ಅಂದಳು.

ಒಂದು ಕ್ಷಣವೂ ಯೋಚಿಸಲಿಲ್ಲ. ಎಷ್ಟು ಸುಲಭದ ಉತ್ತರ ಅದು. ನಾನು ಅಲ್ಲೇ ಇದ್ದ ಕುರ್ಚಿಯಲ್ಲಿ ಕೂತೆ.

ಟೀ ತಂದುಕೊಟ್ಟಳು. ಕಾರ್ಡಿನ ಮೇಲೆ ಮಗಳು ಬರೆದಿದ್ದ ಅಕ್ಷರದ ಮೇಲೆ ಬೆರಳಾಡಿಸಿದಳು. ಹುಡುಗ ಏನು ಮಾಡುತ್ತಾನೆ, ಎಷ್ಟು ಜನಕ್ಕೆ ಅಡಿಗೆ, ನಾನು ಕೂತ ರೀತಿ ನೋಡಿ ಮಂಡಿನೋವಾ ಅಂತ ಕೇಳಿದಳು. ಇಬ್ಬರೂ ಕನ್ನಡದಲ್ಲೇ ಮಾತಾಡುತ್ತಿದ್ದೆವು. ನಮ್ಮ ಮನೆಯ ಮಾತು ತಮಿಳು, ಅಮ್ಮನ ಜೊತೆ ನಾವು ಬೇರೆ ಮಾತಾಡಿದ್ದೇ ಇಲ್ಲ. ನಾನು ಕಪ್ಪು ಕೆಳಗಿಟ್ಟು, ಆವತ್ತು ಬಾಗಿಲಲ್ಲಿ ನಾನು ಮಾಡಿದ್ದು ತಪ್ಪು ಅಂತ ಶುರುಮಾಡಿದೆ. ಅವಳು ಮುಗಿಸಲು ಬಿಡಲಿಲ್ಲ.

"ಬಿಡಕ್ಕ. ನೀನಾದ್ರೂ ಏನ್ ಮಾಡ್ತಿದ್ದೆ ಪಾಪ, ಅಮ್ಮನೇ ಬೇಡ ಅಂದ ಮೇಲೆ."

ನನಗೆ ಪಾಪ ಅಂದಳು. ಅವಳು! ಆ ಮಾತು ಹಾಕಿಕೊಟ್ಟ ಚಾಪೆಯ ಹಾಗೆ ನನ್ನ ಮುಂದಿತ್ತು, ಅದರ ಮೇಲೆ ಕೂತು ಟೀ ಮುಗಿಸಿ ಎದ್ದು ಬಂದಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಮದುವೆಗೂ ಬರುತ್ತಿದ್ದಳು. ಮಗಳ ಷರತ್ತೂ ತೀರುತ್ತಿತ್ತು. ದೇವರ ಆಣೆಗೂ ಹೇಳುತ್ತೇನೆ, ನಾನು ಕಪ್ಪನ್ನು ಮತ್ತೆ ಕೈಗೆತ್ತಿಕೊಂಡೆ. ಎರಡು ಗುಟುಕು ಕುಡಿದೂಬಿಟ್ಟೆ. ಆಗ ಆ ಹಾಳು ಹುಡುಗನ ಪ್ರಶ್ನೆ ನೆನಪಾಯಿತು, ಇದು ಯಾವ ಪಾಪ.

"ಅಮ್ಮ ಬೇಡ ಅನ್ನಲಿಲ್ಲ," ಅಂದೆ. "ನೀನು ಬಂದಿದ್ದು ಅವಳಿಗೆ ನಾನು ಹೇಳಲೇ ಇಲ್ಲ. ಯಾರು ಅಂತ ಕೇಳಿದ್ಲು, ನಾನು ಪಕ್ಕದ ಮನೆಯವರು ಅಂದೆ. ಬೇಡ ಅಂದಿದ್ದು ನಾನು."

ಅವಳು ಕಾರ್ಡನ್ನು ಕೆಳಗಿಟ್ಟಳು. ಅಮ್ಮ ಏನಂತ ಕೇಳಿದ್ಲು ಅಂದಳು. ಯಾರು ಅಂತ ಕೇಳಿದ್ಲು ಅಂದೆ. ಹಾಗಲ್ಲ, ಅಮ್ಮ ಹೇಳಿದ ಹಾಗೇ ಹೇಳು ಅಂದಳು.

ಗುರುಗಳಿಗೂ ಹೇಳದೆ ಉಳಿಸಿಕೊಂಡದ್ದು ಅದನ್ನೇ. ಇಪ್ಪತ್ತೆಂಟು ವರ್ಷ ನುಂಗಿಕೊಂಡಿದ್ದ ಮಾತು, ಅಮ್ಮ ಅಂದ ಹಾಗೇ ತಮಿಳಿನಲ್ಲಿ ಹೇಳಿದೆ.

"ಯಾರ್ ಡೀ ಅದು? ಚಿನ್ನವಳಾ?"

ಯಾರೇ ಅದು, ಚಿಕ್ಕವಳಾ? ಅಮ್ಮ ಇವಳನ್ನು ಕರೆಯುತ್ತಿದ್ದದ್ದೇ ಹಾಗೆ, ಚಿನ್ನವಳು ಅಂತ. ಬಾಗಿಲು ತಟ್ಟಿದ ಸದ್ದಿಗೇ ಅವಳಿಗೆ ಗೊತ್ತಾಗಿತ್ತು. ಮುರಿದ ಕಾಲು ಇಟ್ಟುಕೊಂಡು ಏಳಲು ನೋಡಿದ್ದಳು, ಮಂಚ ಕಿರುಗುಟ್ಟಿದ್ದು ನನಗೆ ಕೇಳಿಸಿತ್ತು. ನಾನು, ಅಲ್ಲ, ಪಕ್ಕದ ಮನೆಯವರು ಅಂದೆ.

ತಂಗಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಇನ್ನೊಂದು ಸಲ ಹೇಳು ಅಂದಳು, ತಮಿಳಿನಲ್ಲಿ. ಹೇಳಿದೆ. ಮತ್ತೆ ಹೇಳು ಅಂದಳು. ಅಮ್ಮನ ದನಿ ಹೇಗಿತ್ತು, ಸಿಟ್ಟಿತ್ತಾ ಅಂತ ಕೇಳಿದಳು. ಇಲ್ಲ, ಆಸೆಯಿಂದ ಕೇಳಿದಳು ಅಂದೆ. ಹಾಗೇ ಹೇಳು ಅಂದಳು. ಎಷ್ಟು ಸಲ ಹೇಳಿಸಿದಳೋ ಲೆಕ್ಕವಿಲ್ಲ. ಒಳಗಿನಿಂದ ಅತ್ತೆ ಏನಾಯಿತು ಅಂತ ಎರಡು ಸಲ ಕೂಗಿದರು.

ಕೊನೆಗೆ ಕಣ್ಣೊರೆಸಿಕೊಂಡು ನನ್ನ ಅರ್ಧ ಕುಡಿದ ಟೀ ಕಪ್ಪನ್ನು ಎತ್ತಿಕೊಂಡಳು. ಕ್ಷಮಿಸಿದೆ ಅನ್ನಲಿಲ್ಲ. ಪಾಪ ಅಂತಲೂ ಅನ್ನಲಿಲ್ಲ. ಇನ್ನು ನೀನು ಹೋಗು ಅಂದಳು. ನಾನು ಎದ್ದು ಚಪ್ಪಲಿ ಹಾಕಿಕೊಂಡು, ಕೇಳಬಾರದಿತ್ತು, ಆದರೂ ಮದುವೆಗೆ ಅಂತ ಬಾಯಿ ತೆರೆದೆ.

"ಬರ್ತೀನಿ," ಅಂದಳು. "ನೀನು ಕರೆದೆ ಅಂತಲ್ಲ. ಅಮ್ಮ ಕೇಳಿದ್ಲಲ್ಲ, ಅದಕ್ಕೆ."